ಹದಿನೆಂಟ ಫೂಟಿನ ಗಾಡಿ ಯಾಕ ಇಟಗೊಂಡೀವಿ

ಈ ಸರ್ತೆ ಅಡಿಗಿ ಸುದ್ದಿ ಇಲ್ರೀ, ಗಾಡಿ ಸುದ್ದಿ. ಫೋನ್ ಮಾಡಿದಾಗೊಮ್ಮೆ ವೈನಿಯವರು ಕೇಳ್ತಾರ, "ಅಮೆರಿಕಾದಾಗ ಇದ್ದೂ ಆ ಹಳೇ ಗಾಡಿ ಯಾಕ ಇಟಗೊಂಡೀರಿ?" ಅಂತ. ಈ ಚಳಿಗಾಲಕ್ಕ ಮೊದ್ಲ ಮಾರಿಬಿಡೋಣು ಅಂತ ನನ್ನ ಮಗನೂ ಹಟ ಹಿಡದಾನ. ಅದಕ್ಕ ಗುಣ-ದೋಷ ಎರಡೂ ಬರದಬಿಡ್ತೀನಿ, ನೀವ ಹೇಳ್ರಿ.

ನಮ್ಮದು 2005ರ ಲಿಂಕನ್ ಟೌನ್ ಕಾರ್. ಆವಾಗ ಇದನ್ನ ನಾವಿರೋ ಮಿಶಿಗನ್ ರಾಜ್ಯದಾಗನ, ವಿಕ್ಸಮ್ ಅನ್ನೋ ಊರಾಗ ಮಾಡ್ತಿದ್ರು. 2011ಕ್ಕ ಈ ಮಾಡೆಲ್ ನಿಂತಹೋತು. ನ್ಯೂಯಾರ್ಕಿನಾಗ ಸಾಹೇಬ ಮಂದಿನ್ನ ಕರಕೊಂಡ ಹೋಗೋ ಕರೇ ಉದ್ದನ ಗಾಡಿ ಸಿನೆಮಾದಾಗ ನೋಡಿರ್ತೀರಲ್ಲ, ಅದ ಇದು. ಸುಮಾರ 18 ಫೂಟ್ ಉದ್ದ, ಹತ್ರಹತ್ರ ಎರಡ ಟನ್ ಭಾರ.

ನಮ್ಮ ಅತ್ತಿಯವರಿಗೆ ಈಗ 82. ವಾರಕ್ಕ ಮೂರ ದಿನ ಡಯಾಲಿಸಿಸ್. ನಾಲ್ಕ ತಾಸ ಆ ಕುರ್ಚಿ ಮ್ಯಾಲೆ ಕಳದು ಹೊರಗ ಬರೋದ್ರಾಗ ಬಿ.ಪಿ. ಇಳದು ಜೀವ ಹಣ್ಣಾಗಿರ್ತದ. ಈಗಿನ ಎತ್ತರದ ಗಾಡಿಯೊಳಗ ಕಾಲ ಎತ್ತಿಟ್ಟು ಹತ್ತಬೇಕು, ಸೀರಿ ಉಟಗೊಂಡು ಅವರಿಗೆ ಅದು ಆಗೂದಿಲ್ಲ. ಇದರ ಬಾಗಲಾ ಅಗಲ, ಸೀಟು ದಿವಾನ ಇದ್ದಂಗ. ಮೊದ್ಲ ಕೂಡ್ತಾರ, ಆಮ್ಯಾಲೆ ಸಾವಕಾಶ ಎರಡೂ ಕಾಲ ಒಳಗ ತಗೋತಾರ. ಬೆಲ್ಟ್ ಹಾಕಿ ತಲಿಗೆ ದಿಂಬು ಕೊಟ್ರ ಮನಿ ಮುಟ್ಟೋ ತನಕ ನಿದ್ದಿ.

ನಿದ್ದಿ ಹತ್ತಲಿಕ್ಕೂ ಕಾರಣ ಅದ. ಲಾರಿಗೆ ಇರ್ತದಲ್ಲ, ಹಂಗ ಇದಕ್ಕ ಕೆಳಗ ಬ್ಯಾರೆ ಕಬ್ಬಿಣದ ಚೌಕಟ್ಟು, ಅದರ ಮ್ಯಾಲೆ ಬಾಡಿ. ಹಿಂದಿನ ಗಾಲಿಗೆ ಗಾಳಿ ತುಂಬಿದ ರಬ್ಬರ್ ಚೀಲದ ಸ್ಪ್ರಿಂಗು. ತಗ್ಗ ಬಂದ್ರೂ ಕುಲುಕಾಟ ಇಲ್ಲ. "ಪಡಸಾಲಿ ಎತಗೊಂಡ ಹೊಂಟಂಗ ಆಗ್ತದವಾ" ಅಂತಾರ ಅತ್ತಿಯವರು. ಡಿಕ್ಕಿಯೊಳಗ ಗಾಲಿಕುರ್ಚಿ ಮಡಚಿ ಇಟ್ರೂ ವಾರದ ಸಂತಿ ಹಿಡಸ್ತದ. ಡ್ರೈವರ್ ಬಾಗಲಕ್ಕ ನಂಬರಿನ ಗುಂಡಿ ಅವ, ಕೀಲಿ ಒಳಗ ಉಳದ್ರೂ ನಂಬರ್ ಒತ್ತಿ ತಗೀಬಹುದು.

ಇನ್ನ ದೋಷ. ಎಂಟ ಸಿಲಿಂಡರಿನ 4.6 ಲೀಟರ್ ಇಂಜಿನ್ನು, ಪೆಟ್ರೋಲ್ ನೀರ ಕುಡಧಂಗ ಕುಡೀತದ. ಊರಾಗ ಲೀಟರಿಗೆ 6-7 ಕಿ.ಮೀ., ಹೈವೇದಾಗ 10ರ ಸುತ್ತಮುತ್ತ. ನಮ್ಮ ಗಾಡಿಗೆ ಹಿಂದ ನೋಡೋ ಕ್ಯಾಮೆರಾ ಇಲ್ಲ. ಅಂಗಡಿ ಮುಂದ ನಿಲ್ಲಸಬೇಕಂದ್ರ ನಾ ದೂರದ ಮೂಲಿ ಹುಡುಕಿ ಹೋಗ್ತೀನಿ. ಇಂಜಿನ್ ಶಕ್ತಿ ಹಿಂದಿನ ಗಾಲಿಗೆ ಹೋಗೋದ್ರಿಂದ ಹಿಮ ಬಿದ್ರ ಜಾರತದ. ಅದಕ್ಕ ನವೆಂಬರಿನಾಗ ಡಿಕ್ಕಿಯೊಳಗ ಉಸುಕಿನ ಚೀಲ ಹಾಕ್ತೀವಿ, ಚಳಿಗಾಲದ ಟೈರನೂ ಬ್ಯಾರೆ.

ಆ ರಬ್ಬರ್ ಚೀಲಕ್ಕೂ ವಯಸ್ಸಾಗ್ತದ್ರೀ. ಸೀಳಿ ಗಾಳಿ ಹೋದ್ರ ಗಾಡಿ ಹಿಂದ ಕುಂತಬಿಡ್ತದ. ಭಾಳ ಮಂದಿ ಅದನ್ನ ತಗದು ಸಾದಾ ಸುರುಳಿ ಸ್ಪ್ರಿಂಗ್ ಹಾಕಸ್ತಾರ. ಬಿಡಿಭಾಗಕ್ಕ ತ್ರಾಸಿಲ್ಲ, ಯಾಕಂದ್ರ ಪೊಲೀಸರು, ಟ್ಯಾಕ್ಸಿಯವರು ಓಡಸ್ತಿದ್ದ ಫೋರ್ಡ್ ಕ್ರೌನ್ ವಿಕ್ಟೋರಿಯಾಕ್ಕೂ ಇದಕ್ಕೂ ಭಾಳ ಸಾಮಾನು ಒಂದ.

ಖರೇ ಅಂಜಿಕಿ ಅಂದ್ರ ತುಕ್ಕು. ಇಲ್ಲೆ ಹಿಮ ಕರಗಸಲಿಕ್ಕೆ ರಸ್ತಾಕ್ಕ ಉಪ್ಪ ಸುರೀತಾರ, ಅದು ಕೆಳಗಿನ ಚೌಕಟ್ಟ ತಿಂತದ. ಮ್ಯಾಲಿನ ಬಣ್ಣ ಎಷ್ಟ ಥಳಥಳ ಅಂದ್ರೂ ಒಳಗ ಪೊಳ್ಳಾಗಿರಬಹುದು. ನಿಮ್ಮ ಮಕ್ಕಳು ಇಲ್ಲೆ ಇಂಥಾ ಹಳೇ ಗಾಡಿ ತಗೊಳ್ಳೋರಿದ್ರ ಹೇಳ್ರಿ, ಎತ್ತಿಸಿ ಕೆಳಗ ನೋಡಲಾರದ ರೊಕ್ಕ ಕೊಡಬ್ಯಾಡ್ರಿ ಅಂತ.

ಹೋದ ವಾರ ನಮ್ಮದನ್ನೂ ಎತ್ತಿಸಿ ನೋಡಿದ್ವಿ. ಚೌಕಟ್ಟ ಗಟ್ಟಿ ಅದ. ಮಗನ ಮುಂದ ಕಂಡೀಷನ್ ಇಟ್ಟೀನಿ: ವರ್ಷಾ ಹಿಮ ಬೀಳೂಕಿಂತ ಮೊದ್ಲ ತೋರಸೋದು, ಚೌಕಟ್ಟಿಗೆ ತುಕ್ಕು ಹತ್ತೇದ ಅಂದ ದಿನಾನ ಮಾರೋದು. ಅಲ್ಲೀತನಕ ಪೆಟ್ರೋಲ್ ಖರ್ಚನ್ನ ಅತ್ತಿಯವರ ಔಷಧದ ಖರ್ಚಿನಾಗ ಹಿಡೀತೀನಿ. ಅವರು ನಿದ್ದಿ ಮಾಡಕೋತ ಮನಿಗೆ ಬರೋದಕ್ಕ ಅಷ್ಟ ಬೆಲಿ ಕೊಡಬಹುದು ಅನಸ್ತದ ನನಗ.