ವೈಸ್ ಮುಂದೆ ಒಂದು ಮಣೆ

ಬನಶಂಕರಿ ಬಸ್ ನಿಲ್ದಾಣದಲ್ಲಿ ಇಳಿದ ಆ ಮೂವರಲ್ಲಿ ಟಿಕೆಟ್ ಕೊಂಡವರು ಅಪ್ಪ ಒಬ್ಬರೇ. 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆಯಿಂದಾಗಿ ಅಮ್ಮನಿಗೂ ಮಗಳಿಗೂ ಪ್ರಯಾಣ ಉಚಿತ. "ಓದಿಗೂ ಹೀಗೇ ಇದ್ದಿದ್ದರೆ ಚೆನ್ನಾಗಿತ್ತು" ಎಂದು ಅಪ್ಪ ನಕ್ಕರು. ಆ ನಗುವಿನೊಳಗೆ ಒಂದಿಷ್ಟು ಲೆಕ್ಕಾಚಾರವೂ ಇತ್ತೆನ್ನಿ.

ಮಗಳು ದ್ವಿತೀಯ ಪಿಯುಸಿ ಮುಗಿಸಿ ಸಿಇಟಿ ಬರೆದಿದ್ದಾಳೆ. ರ‍್ಯಾಂಕ್ ಪರವಾಗಿಲ್ಲ. ತೊಡಕು ಇರುವುದು ಬೇರೆ ಕಡೆ. ಅವಳಿಗೆ ಮೆಕ್ಯಾನಿಕಲ್ ಬೇಕು. ಜಯನಗರ ಒಂಬತ್ತನೇ ಬ್ಲಾಕಿನ ಆ ಮನೆಯಲ್ಲಿ ಹದಿನೈದು ದಿನಗಳಿಂದ ಊಟಕ್ಕೆ ಕುಳಿತಾಗಲೆಲ್ಲ ಇದೇ ಮಾತು. ಅಮ್ಮನ ಮತ ಕಂಪ್ಯೂಟರ್ ಸೈನ್ಸಿಗೆ, ಎ.ಸಿ. ಕೋಣೆ, ಕೂತು ಮಾಡುವ ಕೆಲಸ, ಮನೆ ಬಾಗಿಲಿಗೆ ಕಂಪನಿ ಗಾಡಿ. "ಗ್ಯಾರೇಜಿನಲ್ಲಿ ಮೈಕೈಗೆ ಗ್ರೀಸ್ ಮೆತ್ತಿಕೊಳ್ಳೋಕೆ ಅಷ್ಟು ದುಡ್ಡು ಸುರೀಬೇಕಾ?" ಎಂಬುದು ಅಜ್ಜಿಯ ಪ್ರಶ್ನೆ. ಅಪ್ಪ ಯಾವ ಪಕ್ಷವನ್ನೂ ವಹಿಸಿದವರಲ್ಲ. "ಮೊದಲು ಸೀಟು ಸಿಗಲಿ, ನೋಡೋಣ" ಎಂದು ಸಾರಿನ ಬಟ್ಟಲನ್ನು ಹತ್ತಿರಕ್ಕೆ ಎಳೆದುಕೊಳ್ಳುವುದು ಅವರ ಪದ್ಧತಿ.

ಹೀಗಿರುವಾಗ ಬನಶಂಕರಿಯ ಆಚೆಗಿನ ಒಂದು ಇಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿನಿಯರು ಪಿಯುಸಿ ಮುಗಿಸಿದ ಹುಡುಗಿಯರನ್ನೂ ಅವರ ತಂದೆತಾಯಿಯರನ್ನೂ ಒಂದು ದಿನದ ಕಾರ್ಯಕ್ರಮಕ್ಕೆ ಕರೆದಿದ್ದರು. ಇಂಥ ಕಾರ್ಯಕ್ರಮಗಳು ದಕ್ಷಿಣ ಬೆಂಗಳೂರಿನ ಕಾಲೇಜುಗಳಿಗೆ ಹೊಸತಲ್ಲ. ಮಾರ್ಚ್ 8 ಬಂತೆಂದರೆ ರಂಗೋಲಿ, ಸೀರೆ ಸ್ಪರ್ಧೆ, ಕೈಗೊಂದು ಗುಲಾಬಿ, ಅತಿಥಿಗಳ ಭಾಷಣ ಇದ್ದದ್ದೇ. ಗುಲಾಬಿಯ ಮೇಲೆ ಯಾರಿಗೂ ದ್ವೇಷವಿಲ್ಲ. ಅದು ಸಂಜೆಗೆ ಬಾಡುತ್ತದೆ, ಅಷ್ಟೆ.

ಇದು ಜೂನ್ 23ರ ಕಾರ್ಯಕ್ರಮ. ಅಂದು ಮಹಿಳಾ ಇಂಜಿನಿಯರುಗಳ ಅಂತರರಾಷ್ಟ್ರೀಯ ದಿನ. ಮೊದಲ ಮಹಾಯುದ್ಧದಲ್ಲಿ ಗಂಡಸರು ರಣರಂಗಕ್ಕೆ ಹೋದಾಗ ಬ್ರಿಟನ್ನಿನ ಕಾರ್ಖಾನೆಗಳಲ್ಲಿ ಮದ್ದುಗುಂಡು ತಯಾರಿಸಿದ ಹೆಂಗಸರಿಗೆ, ಯುದ್ಧ ಮುಗಿದೊಡನೆ ಮನೆಗೆ ಹೋಗಿ ಎನ್ನಲಾಯಿತು. ಹೋಗಲು ಒಪ್ಪದ ಕೆಲವರು 1919ರ ಜೂನ್ 23ರಂದು ಮಹಿಳಾ ಇಂಜಿನಿಯರಿಂಗ್ ಸೊಸೈಟಿಯನ್ನು ಕಟ್ಟಿದರು. ಅದರ ನೆನಪಿಗೆ 2014ರಿಂದ ಈ ದಿನಾಚರಣೆ.

ಬೆಳಗಿನ ಸಭೆಯಲ್ಲಿ ದೀಪ ಬೆಳಗಿದ್ದಾಯಿತು, ಹೆಣ್ಣು ಅಬಲೆಯಲ್ಲ ಎಂದು ಹೇಳಿದ್ದೂ ಆಯಿತು. ಅಪ್ಪನಿಗೆ ಸಣ್ಣಗೆ ಜೊಂಪು ಹತ್ತಿತ್ತು. ಅಧ್ಯಾಪಕಿಯೊಬ್ಬರು ಹಳೆಯ ಫೋಟೋಗಳನ್ನು ತೆರೆಯ ಮೇಲೆ ತೋರಿಸತೊಡಗಿದಾಗ ಅವರು ನೆಟ್ಟಗೆ ಕುಳಿತರು.

ಮೊದಲಿಗೆ ಮದರಾಸಿನ ಗಿಂಡಿ ಕಾಲೇಜಿನ ಎ. ಲಲಿತಾ. ಹದಿನೆಂಟು ತುಂಬುವ ವಯಸ್ಸಿಗೆ ಕಂಕುಳಲ್ಲಿ ಹಸುಗೂಸು, ಗಂಡ ತೀರಿಕೊಂಡಿದ್ದರು. ಅದೇ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದ ಅವರ ತಂದೆ ಪಪ್ಪು ಸುಬ್ಬರಾವ್ ಮಗಳನ್ನು ಎಲೆಕ್ಟ್ರಿಕಲ್ ಇಂಜಿನಿಯರಿಂಗ್‌ಗೆ ಸೇರಿಸಿದರು. 1940ರ ದಶಕದಲ್ಲಿ ಪದವಿ ಕೊಡುವಾಗ ಪ್ರಮಾಣಪತ್ರದಲ್ಲಿ ಮೊದಲೇ ಅಚ್ಚಾಗಿದ್ದ 'ಹಿ' ಎಂಬ ಪದವನ್ನು ಹೊಡೆದುಹಾಕಿ, ಮೇಲೆ ಕೈಯಲ್ಲಿ 'ಷಿ' ಎಂದು ಬರೆಯಬೇಕಾಯಿತು. ಹೆಣ್ಣೊಬ್ಬಳು ಪಾಸಾದಾಳೆಂದು ಅಚ್ಚುಹಾಕಿದವರು ಎಣಿಸಿರಲಿಲ್ಲ.

ಬಳಿಕ ನಮ್ಮ ರಾಜೇಶ್ವರಿ ಚಟರ್ಜಿ. ಕರ್ನಾಟಕದ ಮೊದಲ ಮಹಿಳಾ ಇಂಜಿನಿಯರ್ ಎಂದು ಹೆಸರಾದವರು. ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿ, 1943ರಲ್ಲಿ ಟಾಟಾ ಇನ್‌ಸ್ಟಿಟ್ಯೂಟಿಗೆ ಸಂಶೋಧನೆಗೆ ಸೇರಿದರು. 1947ರಲ್ಲಿ ಸರ್ಕಾರದ ವಿದ್ಯಾರ್ಥಿವೇತನ ಪಡೆದು ಹಡಗು ಹತ್ತಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯಕ್ಕೆ ಹೋದರು. 1953ರಲ್ಲಿ ಡಾಕ್ಟರೇಟ್ ಮುಗಿಸಿ ಅದೇ ಸಂಸ್ಥೆಗೆ ಮರಳಿ, 1982ರವರೆಗೆ ಮೈಕ್ರೋವೇವ್ ಮತ್ತು ಆಂಟೆನಾಗಳ ಪಾಠ, ಸಂಶೋಧನೆ ನಡೆಸಿದರು. ಅವರ ಅಜ್ಜಿ ಕಮಲಮ್ಮ ದಾಸಪ್ಪ ಮೈಸೂರು ಸಂಸ್ಥಾನದ ಮೊದಮೊದಲ ಮಹಿಳಾ ಪದವೀಧರರಲ್ಲೊಬ್ಬರು ಎಂದಾಗ ಮಗಳು ಅಮ್ಮನ ಕಿವಿಯಲ್ಲಿ, "ನೋಡು, ಅವರಜ್ಜಿ!" ಎಂದಳು.

ಹುಬ್ಬಳ್ಳಿಯ ಕಥೆ ಕೊನೆಗೆ ಬಂತು. 1968ರಲ್ಲಿ ಬಿ.ವಿ.ಬಿ. ಇಂಜಿನಿಯರಿಂಗ್ ಕಾಲೇಜಿಗೆ ಸೇರಿದ ಸುಧಾ (ಮುಂದೆ ಸುಧಾ ಮೂರ್ತಿ) 599 ಹುಡುಗರ ನಡುವೆ ಒಬ್ಬಳೇ ಹುಡುಗಿ. ಪ್ರಾಂಶುಪಾಲರು ಮೂರು ಷರತ್ತು ಹಾಕಿದರಂತೆ: ಸೀರೆ ಉಡಬೇಕು, ಕ್ಯಾಂಟೀನಿಗೆ ಹೋಗಬಾರದು, ಹುಡುಗರ ಜೊತೆ ಮಾತಾಡಬಾರದು. ಅವರು ಚಿನ್ನದ ಪದಕ ಗೆದ್ದದ್ದು, 1974ರಲ್ಲಿ ಹೆಂಗಸರು ಅರ್ಜಿ ಹಾಕಬೇಕಿಲ್ಲ ಎಂಬ ಟೆಲ್ಕೋ ಜಾಹೀರಾತನ್ನು ಕಂಡು ಜೆ.ಆರ್.ಡಿ. ಟಾಟಾ ಅವರಿಗೆ ಕಾರ್ಡು ಬರೆದದ್ದು, ಪುಣೆಯಲ್ಲಿ ಸಂದರ್ಶನ ನಡೆದು ಕೆಲಸ ಸಿಕ್ಕಿದ್ದು ಎಲ್ಲರಿಗೂ ಗೊತ್ತಿರುವ ಸಂಗತಿ. ಗೊತ್ತಿದ್ದೂ ಯಾರೂ ಎತ್ತದ ಸಂಗತಿಯೆಂದರೆ ಆ ಕಾಲೇಜಿನಲ್ಲಿ ಹೆಣ್ಣುಮಕ್ಕಳಿಗೆ ಶೌಚಾಲಯವೇ ಇರಲಿಲ್ಲ ಎಂಬುದು. 2019ರಲ್ಲಿ 'ಕೌನ್ ಬನೇಗಾ ಕರೋಡ್‌ಪತಿ' ಕಾರ್ಯಕ್ರಮದಲ್ಲಿ ಅವರೇ ಅದನ್ನು ಹೇಳಿದರು. ಇನ್ಫೋಸಿಸ್ ಪ್ರತಿಷ್ಠಾನದ ಮೂಲಕ ಹದಿನಾರು ಸಾವಿರಕ್ಕೂ ಹೆಚ್ಚು ಶೌಚಾಲಯ ಕಟ್ಟಿಸಿದ್ದರ ಹಿಂದೆ ಆ ನೆನಪೂ ಇತ್ತು.

ಅಮ್ಮ ಸುಮ್ಮನಾಗಿದ್ದರು. ಬೆಳಗಿನಿಂದ ಸಂಜೆಯವರೆಗೆ ನೀರು ಕುಡಿಯದೆ ದಿನ ತಳ್ಳುವುದೆಂದರೇನೆಂದು ಹೆಂಗಸರಿಗೆ ವಿವರಿಸಬೇಕಾಗಿಲ್ಲ.

ಉಪ್ಪಿಟ್ಟು, ಕೇಸರಿಬಾತ್ ಆದಮೇಲೆ ವರ್ಕ್‌ಶಾಪ್. ಮೂರನೇ ವರ್ಷದ ಹುಡುಗಿಯೊಬ್ಬಳು ಖಾಕಿ ಕೋಟು ತೊಟ್ಟು ನಿಂತಿದ್ದಳು. ಮೊದಲ ಮಾತೇ "ದುಪಟ್ಟಾ ತೆಗೆದಿಡಿ, ಜಡೆ ಮೇಲಕ್ಕೆ ಕಟ್ಟಿ" ಎಂದು. ಲೇತಿನಲ್ಲಿ ತಿರುಗುವ ಚಕ್‌ಗೆ ಬಟ್ಟೆಯ ಅಂಚು ಸಿಕ್ಕರೂ ಸಾಕು, ಮನುಷ್ಯರನ್ನೇ ಒಳಕ್ಕೆ ಎಳೆದುಬಿಡುತ್ತದೆ. ಅವಳ ಮಾತಿನಲ್ಲಿ ನಾಚಿಕೆಯಾಗಲಿ ಸಂಕೋಚವಾಗಲಿ ಇರಲಿಲ್ಲ.

ಹುಡುಗಿಯರ ಕೈಗೆ ಒಂದೊಂದು ಕಬ್ಬಿಣದ ಪಟ್ಟಿ, ಒಂದೊಂದು ಅರ ಕೊಟ್ಟರು. ಪಟ್ಟಿಯನ್ನು ಬೆಂಚ್ ವೈಸಿಗೆ ಕಚ್ಚಿಸಿ ಅಂಚನ್ನು ಸಮ ಮಾಡಬೇಕು. ಜಯನಗರದ ಹುಡುಗಿ ಉತ್ಸಾಹದಿಂದ ಉಜ್ಜಿದಳು. ಹತ್ತು ನಿಮಿಷಕ್ಕೆ ಮಣಿಕಟ್ಟು ಸೋತಿತು. ಮಟ್ಟಗೋಲು ಇಟ್ಟು ನೋಡಿದರೆ ಅಂಚಿನ ನಡುವೆ ಹೊಟ್ಟೆ ಬಂದಿತ್ತು. ಅಪ್ಪ ಅಮ್ಮನ ಕಡೆ ನೋಡಿದರು. ಅಮ್ಮ 'ನಾನು ಹೇಳಲಿಲ್ಲವೇ' ಎಂಬಂತೆ ಹುಬ್ಬೇರಿಸಿದರು.

ಆಗ ಖಾಕಿ ಕೋಟಿನ ಹುಡುಗಿ ಮೂಲೆಯಿಂದ ಮರದ ಮಣೆಯೊಂದನ್ನು ತಂದು ವೈಸಿನ ಮುಂದೆ ಇಟ್ಟಳು. "ಇದರ ಮೇಲೆ ನಿಂತು ಉಜ್ಜು."

ಇದರಲ್ಲಿ ಮಾಯವೇನಿಲ್ಲ, ಸರಳ ಯಂತ್ರಶಾಸ್ತ್ರ. ಅರದ ಹಲ್ಲುಗಳು ಮುಂದಕ್ಕೆ ಬಾಗಿರುವುದರಿಂದ ಅದು ಕೊರೆಯುವುದು ಮುಂದಕ್ಕೆ ತಳ್ಳುವಾಗ ಮಾತ್ರ. ವೈಸಿನ ಬಾಯಿ ಮೊಣಕೈಯ ಮಟ್ಟದಲ್ಲಿದ್ದರೆ ಮುಂಗೈ ನೆಲಕ್ಕೆ ಸಮಾನಾಂತರವಾಗಿ ಚಲಿಸುತ್ತದೆ, ಮೈಯ ಭಾರವೆಲ್ಲ ಅರಕ್ಕೆ ಒದಗುತ್ತದೆ. ವೈಸ್ ಎತ್ತರವಾದರೆ ಮೈಯ ಭಾರ ಕೆಲಸಕ್ಕೆ ಬಾರದು. ಮಣಿಕಟ್ಟೊಂದೇ ದುಡಿಯಬೇಕು, ಅರ ತೊಟ್ಟಿಲಿನಂತೆ ತೂಗುತ್ತದೆ, ಅಂಚು ಉಬ್ಬುತ್ತದೆ. ಬೆಂಚುಗಳನ್ನು ಹಾಕಿಸಿದವರ ಮನಸ್ಸಿನಲ್ಲಿದ್ದದ್ದು ಗಂಡಸಿನ ಎತ್ತರ. ಕುಳ್ಳಗಿನ ಹುಡುಗನಿಗೂ ಇದೇ ಪಾಡು, ಆದರೆ ಅವನಿಗೆ ಮೆಕ್ಯಾನಿಕಲ್ ನಿನ್ನಿಂದಾಗದು ಎಂದು ಯಾರೂ ಹೇಳುವುದಿಲ್ಲ!

ಮಣೆ ಹತ್ತಿದ ಮೇಲೆ ಅಂಚು ಸಮವಾಗಲು ಕಾಲು ಗಂಟೆ ಹಿಡಿಯಿತು. ಅಮ್ಮ ಬಗ್ಗಿ ಅಂಚಿನ ಮೇಲೆ ಬೆರಳಾಡಿಸಿದರು.

ಕೊನೆಯಲ್ಲಿ ಪ್ರಶ್ನೋತ್ತರ. ತಂದೆಯರು ಶುಲ್ಕ, ಕ್ಯಾಂಪಸ್ ಆಯ್ಕೆ ಕೇಳಿದರು. ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತಿನ 'ಪ್ರಗತಿ' ವಿದ್ಯಾರ್ಥಿವೇತನದ ವಿಷಯ ಬಂತು: ವಾರ್ಷಿಕ ಆದಾಯ 8 ಲಕ್ಷ ರೂಪಾಯಿ ಮೀರದ ಕುಟುಂಬದ ಹೆಣ್ಣುಮಕ್ಕಳಿಗೆ, ಮನೆಯೊಂದಕ್ಕೆ ಇಬ್ಬರವರೆಗೆ, ವರ್ಷಕ್ಕೆ 50,000 ರೂಪಾಯಿ. ಅಪ್ಪ ಬರೆದುಕೊಂಡರು.

ಅಮ್ಮ ಎದ್ದು ಕೇಳಿದ್ದು ಬೇರೆ. "ಈ ವರ್ಕ್‌ಶಾಪ್ ಹತ್ತಿರ ಹುಡುಗಿಯರ ಶೌಚಾಲಯ ಇದೆಯಾ?"

"ಈಗ ಇದೆ ಆಂಟಿ. ಮೊದಲು ಮೇನ್ ಬ್ಲಾಕಿಗೆ ಹೋಗಿಬರಬೇಕಿತ್ತು. ಸೀನಿಯರ್‌ಗಳು ಅರ್ಜಿ ಕೊಟ್ಟು ಕೊಟ್ಟು ಆಯಿತು." ಖಾಕಿ ಕೋಟಿನ ಹುಡುಗಿ ಸ್ವಲ್ಪ ತಡೆದು ಮುಂದುವರಿಸಿದಳು. "ಇನ್ನೊಂದು ಇದೆ, ಅದು ಇನ್ನೂ ಆಗಿಲ್ಲ. ನಮ್ಮ ತಂಡ ಸ್ಪರ್ಧೆಗೆ ಅಂತ ಒಂದು ಗಾಡಿ ಕಟ್ಟುತ್ತೆ. ಕೆಲಸ ನಡೆಯೋದು ತರಗತಿ ಮುಗಿದ ಮೇಲೆ, ರಾತ್ರಿ ಹತ್ತರವರೆಗೂ. ನಮ್ಮ ಹಾಸ್ಟೆಲ್ ಗೇಟು ಏಳೂವರೆಗೆ ಮುಚ್ಚುತ್ತೆ. ಮನೆಯಿಂದ ಬರೋರಿಗೆ ಏಳಕ್ಕೇ ಫೋನು ಶುರು. ಹಾಗಾಗಿ ವೆಲ್ಡಿಂಗ್, ಗೇರ್‌ಬಾಕ್ಸ್ ಎಲ್ಲಾ ಹುಡುಗರ ಪಾಲು, ರಿಪೋರ್ಟು ಬರೆಯೋದು, ಲೆಕ್ಕ ಇಡೋದು ನಮ್ಮ ಪಾಲು. ಆಮೇಲೆ ಇಂಟರ್‌ವ್ಯೂನಲ್ಲಿ, ಗಾಡಿಯಲ್ಲಿ ನೀನೇನು ಮಾಡಿದೆ ಅಂತ ಕೇಳ್ತಾರೆ."

ಸಭೆಯಲ್ಲಿ ಯಾರೂ ಚಪ್ಪಾಳೆ ತಟ್ಟಲಿಲ್ಲ. ಬೆಳಗಿನ ಭಾಷಣಕ್ಕೆ ತಟ್ಟಿದ್ದರು. ಮಗಳು ಅಪ್ಪನ ಕಡೆ ನೋಡಿದಳು, ಅಪ್ಪ ಜೇಬಿನಲ್ಲಿ ಪೆನ್ನು ಹುಡುಕುತ್ತಿದ್ದರು. ದೀಪ ಹಚ್ಚುವ ಹೊತ್ತಿಗೆ ಮನೆಯಲ್ಲಿರಬೇಕು ಎಂಬುದು ಆ ಮನೆಯಲ್ಲಿ ಅವರೇ ಮಾಡಿದ ಕಾನೂನು.

ಮನೆಗೆ ಬಂದಾಗ ಅಜ್ಜಿ ಮೊಮ್ಮಗಳ ಅಂಗೈ ಹಿಡಿದು ನೋಡಿದರು. ಉಗುರಿನ ಸಂದಿಯಲ್ಲಿ ಕಬ್ಬಿಣದ ಪುಡಿ. ಮಣೆಯ ಕಥೆ ಕೇಳಿ, "ನಾವು ನಿನ್ನನ್ನ ಬೇರೆ ಮಣೆ ಮೇಲೆ ಕೂರಿಸಬೇಕು ಅಂತಿದ್ವಿ" ಎಂದು ಬಾಯ್ತುಂಬ ನಕ್ಕರು.

ಕೆಲವು ದಿನಗಳ ನಂತರ ಆಪ್ಷನ್ ಎಂಟ್ರಿ ಶುರುವಾಯಿತು. ರಾತ್ರಿ ಊಟ ಮುಗಿಸಿ ಮೂವರೂ ಕಂಪ್ಯೂಟರ್ ಮುಂದೆ ಕುಳಿತರು. ಮಗಳು ಮೊದಲ ಸಾಲಿನಲ್ಲಿ ಮೆಕ್ಯಾನಿಕಲ್ ಹಾಕಿ ಅಮ್ಮನ ಮುಖ ನೋಡಿದಳು.

"ಹಾಕು" ಎಂದರು ಅಮ್ಮ. "ಎರಡನೇದು ಮಾತ್ರ ಕಂಪ್ಯೂಟರ್ ಸೈನ್ಸ್ ಇರಲಿ."

"ಏಳು ಗಂಟೆ ವಿಷಯ?" ಎಂದಳು ಮಗಳು.

"ಸೀಟು ಸಿಗಲಿ, ಆಮೇಲೆ ನೋಡೋಣ" ಎಂದರು ಅಪ್ಪ.

ಮಗಳು ಮೌಸಿನ ಮೇಲಿಂದ ಕೈ ತೆಗೆದಳು. "ಈಗಲೇ ಹೇಳಿ ಅಪ್ಪಾ."