ಕೋಲ್ಕತ್ತೆಯ ಜೋಡಾಟ

ಇಲಿಶ್ ಮೀನಿಗೂ ಕಾಲ್ಚೆಂಡಿಗೂ ಏನು ಸಂಬಂಧ ಎಂದು ಕೇಳುವವರು ಕೋಲ್ಕತ್ತೆಯಲ್ಲಿ ಒಂದು ಮಳೆಗಾಲವನ್ನಾದರೂ ಕಳೆದವರಲ್ಲ. ಈಸ್ಟ್ ಬೆಂಗಾಲ್ ಕ್ಲಬ್ಬು ಗೆದ್ದ ಸಂಜೆ ಪೇಟೆಯಲ್ಲಿ ಇಲಿಶ್‌ಗೆ ಬೆಲೆ ಏರುತ್ತದೆ. ಮೋಹನ್ ಬಾಗಾನ್ ಗೆದ್ದರೆ ದೊಡ್ಡ ಸಿಗಡಿಗೆ. ಗೆದ್ದವರ ಮನೆಯಿಂದ ಸಾಸಿವೆ ಎಣ್ಣೆಯ ಘಾಟು ಬೀದಿಗೆಲ್ಲ ಹಬ್ಬುತ್ತದೆ. ಸೋತವರು ಕಿಟಕಿ ಹಾಕಿಕೊಂಡು ಬೇಳೆ-ಅನ್ನ ಉಣ್ಣುತ್ತಾರೆ. ಮೀನು ಮಾರುವವನು ಮಾತ್ರ ಯಾವತ್ತೂ ಸೋತದ್ದಿಲ್ಲ.

ಪಶ್ಚಿಮ ಬಂಗಾಳದಲ್ಲೇ ಬೇರೂರಿದ ಹಳೆಯ ಬಂಗಾಳಿಗಳು ಘೋಟಿಗಳು. ಅವರದು ಮೋಹನ್ ಬಾಗಾನ್, ಹಸಿರು-ಕಂದುಗೆಂಪು ಅಂಗಿ, ಸಿಗಡಿ. ಪೂರ್ವ ಬಂಗಾಳದಿಂದ, ಈಗ ಬಾಂಗ್ಲಾದೇಶವಾಗಿರುವ ನೆಲದಿಂದ ಬಂದವರು ಬಾಂಗಾಲ್‌ಗಳು. ಅವರದು ಈಸ್ಟ್ ಬೆಂಗಾಲ್, ಕೆಂಪು-ಹಳದಿ ಅಂಗಿ, ಇಲಿಶ್. ಘೋಟಿಗಳು ಬೇಳೆಗೆ ಸಕ್ಕರೆ ಹಾಕುತ್ತಾರೆಂದು ಬಾಂಗಾಲ್‌ಗಳ ದೂರು, ಬಾಂಗಾಲ್‌ಗಳ ಕೈಯಲ್ಲಿ ಎಲ್ಲವೂ ಖಾರವೆಂದು ಘೋಟಿಗಳ ದೂರು. ಕುಂದಾಪುರದ ಕಡೆಯವನಾದ ನನಗೆ ಇದು ಅರ್ಥವಾಗದ ಜಗಳವೇನಲ್ಲ. ನಾವು ಯಕ್ಷಗಾನದ ಜೋಡಾಟ ನೋಡಿ ಬೆಳೆದವರು. ಒಂದೇ ಗದ್ದೆಯಲ್ಲಿ ಎರಡು ರಂಗಸ್ಥಳ, ಎರಡು ಮೇಳ, ಒಂದೇ ಪ್ರಸಂಗ. ಈ ಕಡೆಯ ಚೆಂಡೆಗೆ ಆ ಕಡೆಯ ಚೆಂಡೆ ಜವಾಬು ಕೊಡುತ್ತದೆ. ಯಾವ ರಂಗಸ್ಥಳದ ಎದುರು ಜನ ಮುರಿದು ಬಿದ್ದರೋ ಆ ಮೇಳ ಗೆದ್ದಂತೆ. ಬೆಳಗಾಗುವಾಗ ಪ್ರಸಂಗದಲ್ಲಿ ಯಾರು ಸತ್ತರು ಎಂಬುದು ಯಾರಿಗೂ ಮುಖ್ಯವಲ್ಲ. ಯಾವ ಮೇಳದ ಬಣ್ಣದ ವೇಷ ಹೆಚ್ಚು ಅಬ್ಬರಿಸಿತು ಎಂಬುದು ಮುಂದಿನ ಆಟದವರೆಗೂ ಚಹಾದಂಗಡಿಯ ಮಾತು.

ಬ್ಯಾಂಕಿನವರು ನನ್ನನ್ನು ಕೋಲ್ಕತ್ತೆಗೆ ವರ್ಗ ಮಾಡಿದ್ದು ತೊಂಬತ್ತರ ದಶಕದ ನಡುವೆ. ಜಾದವಪುರದ ಬಳಿ, ದೇಶ ಒಡೆದ ಮೇಲೆ ನಿರಾಶ್ರಿತರು ಕಟ್ಟಿಕೊಂಡ ಕಾಲನಿಗಳಲ್ಲೊಂದರಲ್ಲಿ ಮಹಡಿಯ ಮೇಲಿನ ಎರಡು ಕೋಣೆ ಬಾಡಿಗೆಗೆ ಸಿಕ್ಕವು. ಮನೆ ಯಜಮಾನರು ಪೂರ್ವ ಬಂಗಾಳದ ಬರಿಸಾಲ್‌ನಿಂದ ಹುಡುಗನಾಗಿದ್ದಾಗ ಓಡಿಬಂದವರು. ಅವರನ್ನು ನಾನು ಮೇಶೊಮೊಶಾಯ್ ಎಂದು ಕರೆಯುತ್ತಿದ್ದೆ. ಅವರ ಹೆಂಡತಿ ಮಾಶಿಮಾ ಮಾತ್ರ ಉತ್ತರ ಕೋಲ್ಕತ್ತೆಯ ಶ್ಯಾಮ್‌ಬಜಾರಿನ ಹಳೇ ಮನೆತನದವರು. ಅಂದರೆ ಒಂದೇ ಮನೆಯಲ್ಲಿ ಎರಡು ಕ್ಲಬ್ಬು. ಮದುವೆಯಾಗಿ ಮೂವತ್ತು ವರ್ಷ ದಾಟಿದ್ದರೂ ಇಬ್ಬರೂ ಒಂದಿಂಚು ಸರಿದಿರಲಿಲ್ಲ. ಮ್ಯಾಚಿನ ಹಿಂದಿನ ದಿನದಿಂದ ಅವರ ನಡುವೆ ಮಾತುಕತೆ ನನ್ನ ಮೂಲಕ ನಡೆಯುತ್ತಿತ್ತು. "ನಿಮ್ಮ ಮೇಶೊಗೆ ಹೇಳಪ್ಪಾ, ಔಷಧಿ ಮೇಜಿನ ಮೇಲಿದೆ." "ನಿಮ್ಮ ಮಾಶಿಮಾಗೆ ಹೇಳು, ನನಗೆ ಕಣ್ಣಿದೆ."

ನೀನು ಯಾವ ಕಡೆ ಎಂದು ಇಬ್ಬರೂ ಕೇಳಿದರು. ನಮ್ಮಲ್ಲಿ ಬಂಗುಡೆ ತಿನ್ನುತ್ತೇವೆ ಎಂದು ಹೇಳಿ ತಪ್ಪಿಸಿಕೊಂಡೆ.

ಊಟದ ಹೊತ್ತಿಗೆ ಚರಿತ್ರೆಯ ಪಾಠ. ಮಾಶಿಮಾ ಶುರು ಮಾಡಿದರೆ 1889ರಿಂದ, ಮೋಹನ್ ಬಾಗಾನ್ ಹುಟ್ಟಿದ ವರ್ಷದಿಂದ. ಆದರೆ ಬೇಗಬೇಗ 1911ಕ್ಕೆ ಬಂದುಬಿಡುತ್ತಿದ್ದರು. ಆ ಜುಲೈ 29ರಂದು ಐಎಫ್‌ಎ ಶೀಲ್ಡಿನ ಫೈನಲ್‌ನಲ್ಲಿ ಮೋಹನ್ ಬಾಗಾನ್‌ನ ಹನ್ನೊಂದು ಮಂದಿ, ಒಬ್ಬರನ್ನು ಬಿಟ್ಟು ಉಳಿದವರೆಲ್ಲ ಬರಿಗಾಲಲ್ಲಿ, ಈಸ್ಟ್ ಯಾರ್ಕ್‌ಶೈರ್ ರೆಜಿಮೆಂಟಿನ ಬೂಟುಗಾಲಿನ ಸೋಲ್ಜರುಗಳನ್ನು 2-1ರಿಂದ ಸೋಲಿಸಿದರು. ಶಿವದಾಸ್ ಭಾದುರಿ ಒಂದು ಗೋಲು, ಅಭಿಲಾಷ್ ಘೋಷ್ ಇನ್ನೊಂದು. ಮಾಶಿಮಾ ಆ ಎರಡನೇ ಗೋಲನ್ನು ಕಣ್ಣಾರೆ ಕಂಡವರ ಹಾಗೆ ವರ್ಣಿಸುತ್ತಿದ್ದರು. ಮೇಶೊಮೊಶಾಯ್ ಅಷ್ಟು ಹೊತ್ತು ಸುಮ್ಮನಿದ್ದು, ಮೀನಿನ ಮುಳ್ಳು ಬಿಡಿಸುತ್ತ, ಮೆಲ್ಲಗೆ ಕೇಳುತ್ತಿದ್ದರು: "ಶಿವದಾಸ್ ಭಾದುರಿ ಯಾವ ಊರಿನವ? ಫರೀದ್‌ಪುರ. ಫರೀದ್‌ಪುರ ಎಲ್ಲಿದೆ?" ಅದು ಪೂರ್ವ ಬಂಗಾಳದಲ್ಲಿದೆ. ಆ ಹನ್ನೊಂದು ಜನರಲ್ಲಿ ಹಲವರ ಬೇರು ಆ ಕಡೆಯದೇ. ಘೋಟಿಗಳ ಅತಿ ದೊಡ್ಡ ದಿನವನ್ನು ಬಾಂಗಾಲ್ ಕಾಲುಗಳೇ ಗೆದ್ದುಕೊಟ್ಟವು ಎಂಬುದು ಆ ಮನೆಯಲ್ಲಿ ಅಣುಬಾಂಬಿಗೆ ಸಮಾನವಾದ ಮಾತು.

ಈಸ್ಟ್ ಬೆಂಗಾಲ್ ಹುಟ್ಟಿದ್ದು ಒಂದು ಮುನಿಸಿನಿಂದ. 1920ರ ಜುಲೈನಲ್ಲಿ ಜೋರಾಬಾಗಾನ್ ಎಂಬ ತಂಡಕ್ಕೂ ಮೋಹನ್ ಬಾಗಾನ್‌ಗೂ ಕೂಚ್ ಬೆಹಾರ್ ಕಪ್ಪಿನ ಪಂದ್ಯವಿತ್ತು. ಜೋರಾಬಾಗಾನ್‌ನವರು ಪೂರ್ವ ಬಂಗಾಳದ ಶೈಲೇಶ್ ಬೋಸ್ ಎಂಬ ಆಟಗಾರನನ್ನು ಕಾರಣ ಹೇಳದೆ ಹೊರಗಿಟ್ಟರು. ಅದೇ ಕ್ಲಬ್ಬಿನ ಉಪಾಧ್ಯಕ್ಷರಾಗಿದ್ದ ಸುರೇಶ್ ಚಂದ್ರ ಚೌಧುರಿ ಕೇಳಿಕೊಂಡರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅವರು ಕ್ಲಬ್ಬು ಬಿಟ್ಟು ಹೊರಬಂದು ಆಗಸ್ಟ್ 1ರಂದು, ಅಂದರೆ ವಾರ ಕಳೆಯುವ ಮೊದಲೇ, ಸ್ನೇಹಿತರ ಜೊತೆ ತಮ್ಮದೇ ಕ್ಲಬ್ಬು ಕಟ್ಟಿದರು. ಗಮನಿಸಿ: ಜಗಳ ಆದದ್ದು ಜೋರಾಬಾಗಾನ್ ಜೊತೆ. ಮೋಹನ್ ಬಾಗಾನ್ ಆ ದಿನ ಸುಮ್ಮನೆ ಎದುರಾಳಿಯಾಗಿ ನಿಂತಿತ್ತು, ಅಷ್ಟೆ. ನೂರು ವರ್ಷದ ವೈರ ಕಟ್ಟಿಕೊಳ್ಳಲು ಕೆಲವೊಮ್ಮೆ ಅಲ್ಲಿ ಹಾಜರಿದ್ದರೆ ಸಾಕಾಗುತ್ತದೆ. 1925ರ ಮೇ 28ರಂದು ಮೊದಲ ಸಲ ಲೀಗಿನಲ್ಲಿ ಇಬ್ಬರೂ ಮುಖಾಮುಖಿಯಾದರು. ಹೊಸಬರು 1-0ಯಿಂದ ಗೆದ್ದರು. ಆಮೇಲಿಂದ ಶಾಂತಿ ಇಲ್ಲ.

ಆದರೆ ಅದು ಇನ್ನೂ ಬರೀ ಕ್ಲಬ್ಬುಗಳ ಜಗಳವಾಗಿತ್ತು. ಅದಕ್ಕೆ ಊರು ಕಳಕೊಂಡವರ ಹಟ ಸೇರಿದ್ದು 1947ರ ನಂತರ. ಸಿಯಾಲ್ದಾ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ಮಲಗಿದ ಕುಟುಂಬಗಳಲ್ಲಿ ಮೇಶೊಮೊಶಾಯ್ ಅವರದೂ ಒಂದು. ಬರಿಸಾಲ್‌ನ ಮನೆ, ತೆಂಗು, ಕೆರೆ ಎಲ್ಲ ಹೋಗಿತ್ತು. ಪೂರ್ವ ಬಂಗಾಳ ಎಂಬುದು ನಕ್ಷೆಯಲ್ಲಿ ಪರದೇಶವಾಗಿತ್ತು. ಅದೇ ಹೆಸರಿನ ಒಂದು ಕ್ಲಬ್ಬು ಮಾತ್ರ ಮೈದಾನದಲ್ಲಿ ಉಳಿದಿತ್ತು. ಅದೂ ಗೆಲ್ಲುತ್ತಿತ್ತು! 1949, 1950, 1951, ಮೂರು ವರ್ಷ ಸಾಲಾಗಿ ಶೀಲ್ಡು. "ಶಾಲೆಯಲ್ಲಿ ನಮ್ಮ ಮಾತಿನ ಧಾಟಿಗೆ ನಗುತ್ತಿದ್ದ ಹುಡುಗರು ಸೋಮವಾರ ಸುಮ್ಮನಿರುತ್ತಿದ್ದರು" ಎಂದು ಅವರು ಹೇಳುವಾಗ ಮಾಶಿಮಾ ಕೂಡ ಕೆಣಕುತ್ತಿರಲಿಲ್ಲ.

ಹಾಗೆ ಗೆದ್ದುಕೊಟ್ಟವರು ಯಾರು? ಪಂಚಪಾಂಡವರೆಂದು ಹೆಸರಾದ ಐವರು ಫಾರ್ವರ್ಡುಗಳು: ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹ್ಮದ್ ಖಾನ್, ಸಾಲೆ. ಒಬ್ಬನೂ ಬಂಗಾಳಿಯಲ್ಲ, ಐವರೂ ದಕ್ಷಿಣದವರು. ಅದರಲ್ಲಿ ಧನರಾಜ್ ಮತ್ತು ಅಹ್ಮದ್ ಖಾನ್ ನಮ್ಮ ಬೆಂಗಳೂರಿನವರು. ಅಹ್ಮದ್ ಖಾನ್ ಚೆಂಡನ್ನು ಹಾವಾಡಿಸಿದ ಹಾಗೆ ಆಡಿಸುತ್ತಿದ್ದ ಎಂದು ಮೇಶೊಮೊಶಾಯ್ ಎದ್ದು ನಿಂತು ಮೊಣಕಾಲು ನೋವಿನ ನಡುವೆಯೂ ತೋರಿಸುತ್ತಿದ್ದರು. 1952ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಯುಗೊಸ್ಲಾವಿಯಾ ನಮಗೆ ಹತ್ತು ಗೋಲು ಹೊಡೆದಾಗ ಆ ಕಡೆ ಹೋದ ಒಂದೇ ಒಂದು ಗೋಲು ಅಹ್ಮದ್ ಖಾನರದು.

ನನ್ನ ಬೆನ್ನು ನೆಟ್ಟಗಾದದ್ದು ಅವತ್ತು. ಬಾಡಿಗೆಯವನ ಸ್ಥಾನದಿಂದ ನಾನು ಪಾಂಡವರ ನೆಂಟನ ಸ್ಥಾನಕ್ಕೆ ಬಡ್ತಿ ಪಡೆದೆ. ಕುಂದಾಪುರಕ್ಕೂ ಬೆಂಗಳೂರು ದಂಡಿಗೂ ಎಷ್ಟು ದೂರ ಎಂದು ನಾನಾಗಿ ಹೇಳಲು ಹೋಗಲಿಲ್ಲ. ಮಾಶಿಮಾ ಸುಮ್ಮನಿರುತ್ತಾರೆಯೇ? "ನಿಮ್ಮ ಕೆಂಪಯ್ಯನನ್ನು ಮರೆತೆಯಾ?" ಎಂದರು. ಮರೆಯುವುದೆಲ್ಲಿ, ಆ ಹೆಸರು ಕೇಳಿದ್ದೇ ಆಗ. ಮರಿಯಪ್ಪ ಕೆಂಪಯ್ಯ ಮೋಹನ್ ಬಾಗಾನ್‌ನ ಹಾಫ್‌ಬ್ಯಾಕು, 1960ರ ರೋಮ್ ಒಲಿಂಪಿಕ್ಸ್ ತಂಡದಲ್ಲಿದ್ದವರು. ಬೆಂಗಳೂರಿನವರೇ ಆದ ಅರುಮೈನಾಯಗಂ 1962ರಲ್ಲಿ ಜಕಾರ್ತಾದ ಏಷ್ಯನ್ ಗೇಮ್ಸಿನಲ್ಲಿ ಚಿನ್ನ ಗೆದ್ದ ತಂಡದವರು, ಅವರೂ ಮೋಹನ್ ಬಾಗಾನ್. ಹದಿನಾರರ ಹುಡುಗಿ ಶ್ಯಾಮ್‌ಬಜಾರಿನ ಮನೆಯ ರೇಡಿಯೊ ಮುಂದೆ ಕೂತು ಕೆಂಪಯ್ಯ, ಕೆಂಪಯ್ಯ ಎಂದು ಜಪಿಸುತ್ತಿದ್ದಳೆಂದರೆ ಮಾಗಡಿಯ ಕೆಂಪೇಗೌಡರಿಗೂ ಸಂತೋಷವಾದೀತು.

ಬೆಂಗಳೂರಿನ ದಂಡಿನಲ್ಲಿ ಇಂಥ ಕಾಲುಗಳು ಬೆಳೆದದ್ದು ಬ್ರಿಟಿಷ್ ಪಲ್ಟಣಗಳ ಮೈದಾನದ ಅಂಚಿನಲ್ಲಿ. ಬೆಂಗಳೂರು ಮುಸ್ಲಿಮ್ಸ್ ತಂಡ 1937ರಲ್ಲಿ, ಮತ್ತೆ 1938ರಲ್ಲಿ ಮುಂಬಯಿಯ ರೋವರ್ಸ್ ಕಪ್ ಗೆದ್ದಿತ್ತು. ಸಂತೋಷ್ ಟ್ರೋಫಿಯಲ್ಲಿ ಮೈಸೂರು ಬಂಗಾಳವನ್ನು ಫೈನಲ್‌ನಲ್ಲೇ ಸೋಲಿಸಿದೆ. 1977ರ ಮೊದಲ ಫೆಡರೇಷನ್ ಕಪ್ ಫೈನಲ್‌ನಲ್ಲಿ ಬೆಂಗಳೂರಿನ ಐಟಿಐ ಮೋಹನ್ ಬಾಗಾನ್‌ಗೆ 1-0 ತೋರಿಸಿತು. ದೂರವಾಣಿ ಕಾರ್ಖಾನೆಯ ತಂಡ! ಆದರೆ ಆಡುವವನಿಗೆ ಹೆಸರು, ಹಣ, ಹೆಗಲ ಮೇಲೆ ಹೊತ್ತು ಮೆರೆಸುವ ಜನ ಬೇಕೆಂದರೆ ಹೌರಾ ರೈಲು ಹತ್ತಲೇಬೇಕಿತ್ತು. ಅಲ್ಲಿ ಆಟಗಾರರು ಕ್ಲಬ್ಬು ಬದಲಿಸುವ ದಿನಗಳಲ್ಲಿ ಎರಡೂ ಕಡೆಯವರು ತಮಗೆ ಬೇಕಾದವನನ್ನು ಸಹಿ ಹಾಕುವವರೆಗೆ ಯಾರದೋ ಮನೆಯಲ್ಲಿ ಅಡಗಿಸಿಡುತ್ತಿದ್ದರಂತೆ. ನಮ್ಮೂರಿನಲ್ಲಿ ಮೇಳದ ಯಜಮಾನರು ಒಳ್ಳೆಯ ವೇಷಧಾರಿಗೆ ಮುಂಗಡ ಕೊಟ್ಟು ಕಟ್ಟಿಹಾಕುವುದು ಇದರ ಮುಂದೆ ಏನೂ ಅಲ್ಲ. ನನಗೆ ಈ ಜಗಳದಲ್ಲಿ ರುಚಿಸುವುದು ಇದೇ. ನೆಲ, ರಕ್ತ, ಮೂಲ ಎಂದು ಎರಡು ಕಡೆಯವರೂ ಎದೆ ಬಡಿದುಕೊಳ್ಳುತ್ತಾರೆ. ಓಡುವ ಕಾಲುಗಳು ಮಾತ್ರ ಎಲ್ಲಿಂದಲೋ ತಂದ ಕೈಗಡ.

ಎಲ್ಲವೂ ತಮಾಷೆಯಾಗಿರಲಿಲ್ಲ. 1975ರ ಸೆಪ್ಟೆಂಬರ್ 30ರ ಶೀಲ್ಡ್ ಫೈನಲ್‌ನಲ್ಲಿ ಈಸ್ಟ್ ಬೆಂಗಾಲ್ ಐದು ಗೋಲು ಹೊಡೆದಾಗ ಮೋಹನ್ ಬಾಗಾನ್‌ನ ಅಭಿಮಾನಿಯೊಬ್ಬ ಜೀವ ತೆಗೆದುಕೊಂಡ. 1980ರ ಆಗಸ್ಟ್ 16ರಂದು ಈಡನ್ ಗಾರ್ಡನ್ಸ್‌ನಲ್ಲಿ ಎರಡೂ ಕಡೆಯ ಆಟಗಾರರು ಕೈ ಮಿಲಾಯಿಸಿದರು, ಅದು ಗ್ಯಾಲರಿಗೆ ಹಬ್ಬಿತು, ನೂಕುನುಗ್ಗಲಿನಲ್ಲಿ 16 ಮಂದಿ ಸತ್ತರು. ಆಟ ನೋಡಲು ಹೋದ ಹುಡುಗರು. ಪ್ರತಿ ವರ್ಷ ಆ ದಿನ ಕೋಲ್ಕತ್ತೆಯಲ್ಲಿ ರಕ್ತದಾನ ನಡೆಯುತ್ತದೆ. ಮೇಶೊಮೊಶಾಯ್ ಆ ಪಂದ್ಯಕ್ಕೆ ಟಿಕೆಟ್ಟು ಸಿಗದೆ ಮನೆಯಲ್ಲಿದ್ದರಂತೆ. ಆಮೇಲೆ ಹಲವು ವರ್ಷ ಮಾಶಿಮಾ ಅವರನ್ನು ಮೈದಾನಕ್ಕೆ ಬಿಡಲಿಲ್ಲ.

ಬಿಟ್ಟದ್ದು ನಾನು ಜೊತೆಗಿದ್ದೇನೆ ಎಂದು, 1997ರ ಜುಲೈ 13ಕ್ಕೆ. ಫೆಡರೇಷನ್ ಕಪ್ಪಿನ ಸೆಮಿಫೈನಲ್, ಸಾಲ್ಟ್ ಲೇಕ್ ಸ್ಟೇಡಿಯಂ. ಮೋಹನ್ ಬಾಗಾನ್ ಕೋಚ್ ಅಮಲ್ ದತ್ತ ಡೈಮಂಡ್ ಸಿಸ್ಟಮ್ ಎಂಬ ಹೊಸ ಪಟ್ಟು ತಂದು ಊರನ್ನೇ ಹುಚ್ಚೆಬ್ಬಿಸಿದ್ದರು. ಪತ್ರಿಕೆಯವರ ಮುಂದೆ ಎದುರಾಳಿಗಳ ಹೆಸರುಗಳನ್ನೂ ಕುಲಗೆಡಿಸಿದ್ದರು: ಒಮೊಲೊ ಆಮ್ಲೆಟ್ಟಾದ, ಸೊಸ್ಸೊ ಸೌತೆಕಾಯಿಯಾದ, ಬೈಚುಂಗ್ ಬರೀ ಚುಂಗ್‌ಚುಂಗ್. ಈಸ್ಟ್ ಬೆಂಗಾಲ್ ಕೋಚ್ ಪಿ.ಕೆ. ಬ್ಯಾನರ್ಜಿ ಬಾಯಿ ಬಿಡಲಿಲ್ಲ. ಅವತ್ತು ಒಳಗಿದ್ದವರ ಲೆಕ್ಕ 1,31,781. ಕುಂದಾಪುರದ ರಥೋತ್ಸವವನ್ನು ಜನಸಾಗರ ಎಂದುಕೊಂಡಿದ್ದವನು ನಾನು. ಮೂತ್ರಕ್ಕೆಂದು ಎದ್ದರೆ ಮರಳಿ ಜಾಗ ಸಿಗುವುದು ಮುಂದಿನ ಜನ್ಮಕ್ಕೆ ಎಂದು ಹಿಂದಿನವರು ಎಚ್ಚರಿಸಿದರು. ನಾಜಿಮುಲ್ ಹಕ್ ಮೊದಲ ಗೋಲು ಹೊಡೆದಾಗ ನಮ್ಮ ಕೆಳಗಿನ ಕಾಂಕ್ರೀಟು ನಿಜವಾಗಿಯೂ ಅಲುಗಿತು. ಮೋಹನ್ ಬಾಗಾನ್ ಪರವಾಗಿ ಚೀಮಾ ಒಂದು ಹಿಂತಿರುಗಿಸಿದ. ಉಳಿದದ್ದೆಲ್ಲ ಬೈಚುಂಗ್ ಭುಟಿಯಾ: ಮೂರು ಗೋಲು. 4-1. ಬರಿಸಾಲ್‌ನ ಗಂಭೀರ ಮನುಷ್ಯ, ನಿವೃತ್ತಿಯ ಹೊಸ್ತಿಲಲ್ಲಿದ್ದ ಗುಮಾಸ್ತ, ಪಕ್ಕದಲ್ಲಿ ನಿಂತಿದ್ದ ಕಾನ್‌ಸ್ಟೇಬಲನ್ನು ತಬ್ಬಿ ಅವನ ಟೋಪಿ ಬೀಳಿಸಿದರು. ಕಾನ್‌ಸ್ಟೇಬಲ್ಲೂ ಬಾಂಗಾಲ್ ಇರಬೇಕು, ಏನೂ ಅನ್ನಲಿಲ್ಲ. ಮನೆಗೆ ಬಂದಾಗ ಟೀವಿ ಆರಿತ್ತು, ಒಲೆಯೂ ಆರಿತ್ತು. "ನಿಮ್ಮ ಮೇಶೊಗೆ ಹೇಳು, ಚುಂಗ್‌ಚುಂಗ್ ಬಂದು ಅನ್ನ ಬಡಿಸುತ್ತಾನಂತೆ."

ಬೆಂಗಳೂರಿನ ಪಾಲು ಆಮೇಲೂ ನಿಲ್ಲಲಿಲ್ಲ. ಆಸ್ಟಿನ್ ಟೌನಿನ ಕಾರ್ಲ್‌ಟನ್ ಚಾಪ್ಮನ್ 1993ರಲ್ಲೇ ಇರಾಕಿನ ಅಲ್ ಜವ್ರಾ ಎದುರು ಈಸ್ಟ್ ಬೆಂಗಾಲ್‌ಗೆ ಮೂರು ಗೋಲು ಹೊಡೆದಿದ್ದರು; 2001ರಲ್ಲಿ ಆ ಕ್ಲಬ್ಬು ರಾಷ್ಟ್ರೀಯ ಲೀಗ್ ಗೆದ್ದಾಗ ನಾಯಕ ಅವರೇ. ನನಗೆ ಬೆಂಗಳೂರಿಗೆ ವರ್ಗವಾದ ಮೇಲೆ ಗೌತಮಪುರದಲ್ಲಿ ಪೆಲೆಯ ಪ್ರತಿಮೆ ನೋಡಿ ಮೇಶೊಮೊಶಾಯ್‌ಗೆ ಫೋಟೊ ಕಳಿಸಿದ್ದೆ. ಅಹ್ಮದ್ ಖಾನರದು ಯಾಕಿಲ್ಲ ಎಂದು ತಿರುಗಿ ಕಾಗದ ಬಂತು.

2020ರಲ್ಲಿ ಎರಡೂ ಕ್ಲಬ್ಬುಗಳು ಐಎಸ್‌ಎಲ್ ಎಂಬ ಇಂಡಿಯನ್ ಸೂಪರ್ ಲೀಗ್ ಸೇರಿದವು. ಅಲ್ಲಿಯ ಮೊದಲ ಜೋಡಾಟ ಕೊರೊನಾ ಕಾರಣ ಗೋವಾದ ಖಾಲಿ ಸ್ಟೇಡಿಯಮ್ಮಿನಲ್ಲಿ. ಪ್ರೇಕ್ಷಕರಿಲ್ಲದ ಆಟ ನೋಡಲು ಮೇಶೊಮೊಶಾಯ್ ಇರಲಿಲ್ಲ, ಅದು ಒಳ್ಳೆಯದೇ ಆಯಿತು. 2024ರ ಆಗಸ್ಟ್‌ನಲ್ಲಿ ಆರ್‌ಜಿ ಕರ್ ಆಸ್ಪತ್ರೆಯ ವೈದ್ಯೆಯ ಕೊಲೆಯ ನಂತರ ಊರು ಕುದಿಯುತ್ತಿದ್ದಾಗ 18ರಂದು ಇವೆರಡರ ನಡುವೆ ಇದ್ದ ಡುರಾಂಡ್ ಕಪ್ ಪಂದ್ಯ ರದ್ದಾಯಿತು. ಆದರೂ ಜನ ಬಂದರು. ಎರಡೂ ಬಣ್ಣದ ಅಂಗಿಗಳು, ಜೊತೆಗೆ ಮೊಹಮ್ಮಡನ್ ಸ್ಪೋರ್ಟಿಂಗ್‌ನವರೂ, ಸ್ಟೇಡಿಯಮ್ಮಿನ ಹೊರಗೆ ಒಟ್ಟಿಗೆ ನಿಂತು ನ್ಯಾಯ ಕೇಳಿ ಒಟ್ಟಿಗೇ ಲಾಠಿ ತಿಂದರು. ಆ ವಿಡಿಯೊಗಳನ್ನು ಕಳಿಸಿದ್ದು ಮಾಶಿಮಾರ ಮಗ. ಅವನು ಯಾವ ಕ್ಲಬ್ಬು ಎಂದು ತಂದೆಗೆ ಕೊನೆಯವರೆಗೂ ಹೇಳಲಿಲ್ಲ, ತಾಯಿಗೆ ಈವರೆಗೆ ಹೇಳಿಲ್ಲ, ಜಾಣ.

ನಾನೂ ಹಾಗೇ ನಡುವೆ ಉಳಿದುಬಿಡುತ್ತಿದ್ದೆನೇನೊ. ಆದರೆ 2023ರ ಐಎಸ್‌ಎಲ್ ಫೈನಲ್‌ನಲ್ಲಿ ಮೋಹನ್ ಬಾಗಾನ್ ಬೆಂಗಳೂರು ಎಫ್‌ಸಿಯನ್ನು ಪೆನಾಲ್ಟಿಗಳಲ್ಲಿ ಸೋಲಿಸಿತು. 2025ರ ಏಪ್ರಿಲ್ 12ರಂದು ಸಾಲ್ಟ್ ಲೇಕ್‌ನಲ್ಲೇ ಮತ್ತೆ ಫೈನಲ್, ಮೊದಲ ಗೋಲಿನ ಮುನ್ನಡೆ ನಮ್ಮದು, ಕೊನೆಗೆ ಹೆಚ್ಚುವರಿ ವೇಳೆಯಲ್ಲಿ 2-1 ಅವರದು. ಮಲಗುವ ಮೊದಲೇ ಮಾಶಿಮಾರ ಫೋನು. ಎಂಬತ್ತು ದಾಟಿದೆ, ದನಿ ಕುಗ್ಗಿಲ್ಲ.

"ಅಳಬೇಡಪ್ಪಾ. ನಿಮ್ಮ ತಂಡದಲ್ಲಿ ನಿಮ್ಮೂರಿನವರು ಎಷ್ಟು ಮಂದಿ ಹೇಳು? ಆ ಸುನಿಲ್ ಛೇತ್ರಿಯನ್ನು ಮೊದಲು ಆಡಿಸಿದ್ದು ಮೋಹನ್ ಬಾಗಾನ್. ಅವನು ನಮ್ಮ ಸುಬ್ರತ ಭಟ್ಟಾಚಾರ್ಯನ ಅಳಿಯ. ನೀವು ಕೆಂಪಯ್ಯನನ್ನು ಕೊಟ್ಟಿರಿ, ನಾವು ಛೇತ್ರಿಯನ್ನು ಕೊಟ್ಟೆವು. ಲೆಕ್ಕ ಚುಕ್ತಾ."

ಬ್ಯಾಂಕಿನಲ್ಲಿ ಆಯುಷ್ಯ ಕಳೆದವನು ಅಷ್ಟು ಸುಲಭಕ್ಕೆ ಖಾತೆ ಮುಚ್ಚಲು ಒಪ್ಪುತ್ತಾನೆಯೇ? ಅಹ್ಮದ್ ಖಾನ್, ಧನರಾಜ್, ಚಾಪ್ಮನ್, ಇವರದೆಲ್ಲ ಬಾಕಿ ಇದೆಯಲ್ಲ ಮಾಶಿಮಾ ಎಂದೆ.

"ಅದು ಈಸ್ಟ್ ಬೆಂಗಾಲ್ ಖಾತೆ. ವಸೂಲಿಗೆ ಅವರ ಹತ್ತಿರ ಹೋಗು" ಎಂದು ಫೋನಿಟ್ಟರು.