ಹಳದಿ ಚೀಟಿ

ಉತ್ತರಪತ್ರಿಕೆ ತಿದ್ದುವಾಗ ಗುರುತಿಗಿರಲೆಂದು ಮಗಳು ಹಳದಿ ಚೀಟಿಗಳ ಕಟ್ಟೊಂದನ್ನು ತಂದುಕೊಟ್ಟಳು. ಅಂಟಿಸಿದರೆ ನಿಲ್ಲುತ್ತದೆ, ಎಳೆದರೆ ಹಾಳೆ ಹರಿಯದೆ ಬರುತ್ತದೆ.

ಇದರ ಹುಟ್ಟು ಕೇಳಿ. ಅಮೆರಿಕದ ತ್ರೀಎಂ ಕಂಪನಿ 1902ರಲ್ಲಿ ಗಣಿ ಅಗೆಯಲು ಹೊರಟು, ಅದು ಕೈಕೊಟ್ಟಾಗ ಮರಳುಕಾಗದಕ್ಕೆ ತಿರುಗಿದ್ದು. 1968ರಲ್ಲಿ ಅಲ್ಲಿನ ಸ್ಪೆನ್ಸರ್ ಸಿಲ್ವರ್ ಗಟ್ಟಿ ಅಂಟು ಮಾಡಹೋದರೆ ಆದದ್ದು ಹಗುರ ಅಂಟು. ಬಿಸಾಡದೆ ಜೊತೆಯವರಿಗೆಲ್ಲ ತೋರಿಸುತ್ತಾ ಓಡಾಡಿದರು. 1974ರಲ್ಲಿ ಸಹೋದ್ಯೋಗಿ ಆರ್ಟ್ ಫ್ರೈ, ಚರ್ಚಿನಲ್ಲಿ ಹಾಡುವಾಗ ಪುಸ್ತಕದ ಗುರುತುಚೀಟಿ ಉದುರುವುದಕ್ಕೆ ಬೇಸತ್ತು, ಆ ಅಂಟನ್ನು ನೆನೆದರು. ಕೆಲಸದ ವೇಳೆಯಲ್ಲಿ ನೂರಕ್ಕೆ 15 ಪಾಲನ್ನು ಸ್ವಂತ ಯೋಚನೆಗೆ ಬಳಸಲು ಕಂಪನಿಯೇ ಬಿಟ್ಟಿತ್ತು, ಸಂಬಳ ಕೊಟ್ಟು! 1980ರಲ್ಲಿ ಚೀಟಿ ಅಮೆರಿಕದ ತುಂಬ ಮಾರಾಟಕ್ಕೆ ಬಂತು. ಅಷ್ಟು ಹಳೆಯ ಕಂಪನಿ ಮುದಿಯಾಗದೆ ಉಳಿದದ್ದು ಒಳಗಿನವರ ಇಂಥ ತಲೆಹರಟೆಯಿಂದಲೇ.

ನನ್ನನ್ನು ಕುಟುಕುವುದು ಬೇರೆ. ಹೋದ ವರ್ಷ ನಮ್ಮ ಶಾಲೆಗೆ ಬಂದ ಗಣಿತದ ಹುಡುಗಿ, "ಹಿಂದುಳಿದ ಮಕ್ಕಳಿಗೆ ಸಂತೆಯ ಲೆಕ್ಕದಿಂದ ಕಲಿಸುತ್ತೇನೆ, ವಾರಕ್ಕೊಂದು ಪೀರಿಯಡ್ ಕೊಡಿ ಮೇಡಂ" ಎಂದಿದ್ದಳು. ವೇಳಾಪಟ್ಟಿ ನನ್ನ ಕೈಯಲ್ಲಿತ್ತು. "ಮೊದಲು ಪೋರ್ಷನ್ ಮುಗಿಸಮ್ಮ" ಎಂದುಬಿಟ್ಟೆ. ಮತ್ತೆ ಅವಳು ಕೇಳಲಿಲ್ಲ.

ಈ ಸಲ ಶುಕ್ರವಾರದ ಕೊನೆಯ ಪೀರಿಯಡ್ ಖಾಲಿ ಬಿಟ್ಟು, ಅಲ್ಲೊಂದು ಹಳದಿ ಚೀಟಿ ಅಂಟಿಸಿದ್ದೇನೆ. ಅವಳಿಗೆ ಈಗಲೂ ಅದು ಬೇಕೋ ಏನೋ, ಕೇಳಲು ನನಗೇ ಸಂಕೋಚ.